ಹತ್ತನೆಯ ಡಬ್ಬಿಗೆ ಕಾಯುವ ಕೈಸು

ಬೆಳಗಿನ ಐದೂವರೆ. ಸೂರ್ಯ ಹುಟ್ಟಿ ಎರಡು ಗಂಟೆ ದಾಟಿದೆ. ಹೌಕಿವಾರ ಎಂಬ ಹಳ್ಳಿಯ ಕೊನೆಯ ತಿರುವಿನಲ್ಲಿ, ಕೆಂಪು ಬಣ್ಣದ ಮರದ ಮನೆಯೆದುರು ಒಂದು ಬಿಳಿ ವ್ಯಾನ್ ನಿಲ್ಲುತ್ತದೆ. ಇಳಿದವರು ಕೈಸು ತಿರ್ಕೊನೆನ್. ಐವತ್ತೇಳು ವರ್ಷದ ಹೆಂಗಸು, ಗಿಡ್ಡ ಕೂದಲು, ಕಾಲಿಗೆ ರಬ್ಬರ್ ಬೂಟು. ಮೆಟ್ಟಿಲ ಮೇಲೆ ಕುಳಿತಿರುವ ಮನೆಯ ಯಜಮಾನ ವಿಲ್ಯೊ ಏಳುವ ಗೋಜಿಗೆ ಹೋಗದೆ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಮುಂದಕ್ಕೆ ಚಾಚುತ್ತಾರೆ.

"ಇನ್ನೂ ಬಿಸಿ ಇದೆ. ಹುಷಾರಾಗಿ ಹಿಡ್ಕೊ."

"ಟೈಮ್ ಬರೆದಿದ್ದೀಯಾ?"

"ಐದು ಇಪ್ಪತ್ತು. ಬೇಕಾದ್ರೆ ಹೆಂಡತೀನ ಸಾಕ್ಷಿಗೆ ಕರೀತೀನಿ."

"ಸಾಕ್ಷಿ ಬೇಡ, ಸಹಿ ಸಾಕು."

"ನಲವತ್ತು ವರ್ಷ ದಿಮ್ಮಿ ಲಾರಿ ಓಡಿಸಿದೆ ಕೈಸು. ನನ್ನ ಸರಕಿಗೆ ಹೀಗೆ ಬೆಳಿಗ್ಗೆ ಐದಕ್ಕೇ ಬಾಗಿಲಲ್ಲಿ ಬಂದು ನಿಂತ ಗಿರಾಕಿ ಒಬ್ಬನೂ ಇರಲಿಲ್ಲ."

ಡಬ್ಬಿಯಲ್ಲಿರುವುದು ವಿಲ್ಯೊ ಅವರ ಇವತ್ತಿನ ಮಲ. ಕೈಸು ಅದನ್ನು ಗಾಳಿಯಾಡದ ಚೀಲಕ್ಕೆ ಹಾಕಿ, ಆಮ್ಲಜನಕ ಹೀರುವ ಪುಟ್ಟ ಪೊಟ್ಟಣವೊಂದನ್ನು ಜೊತೆಗಿಟ್ಟು, ಬಾಯಿ ಒತ್ತಿ ಮುಚ್ಚಿ, ವ್ಯಾನಿನ ಪೆಟ್ಟಿಗೆಯೊಳಗೆ ಕೂರಿಸುತ್ತಾರೆ. ಡಬ್ಬಿ ತುಂಬಿದ ಹೊತ್ತಿನಿಂದ ಮೂರು ಗಂಟೆ ಸಮಯ. ಎಂಟು ಇಪ್ಪತ್ತರೊಳಗೆ ಇದು ಅರವತ್ತನಾಲ್ಕು ಕಿಲೋಮೀಟರ್ ಆಚೆ, ಪಟ್ಟಣದ ಪ್ರಯೋಗಾಲಯದ ಗಾಜಿನ ಪೆಟ್ಟಿಗೆ ಸೇರಬೇಕು. ತಡವಾದರೆ ಒಳಗಿರುವ ಜೀವಿಗಳು ಗಾಳಿ ಕುಡಿದು ಸಾಯುತ್ತವೆ. ನಮಗೆ ಉಸಿರಾದದ್ದು ಅವಕ್ಕೆ ವಿಷ.

"ಇದು ಒಂಬತ್ತನೇದು" ಎಂದು ಕೈಸು ಪಟ್ಟಿಯಲ್ಲಿ ಗುರುತು ಹಾಕುತ್ತಾರೆ. ಬೇಕಾಗಿರುವುದು ಹತ್ತು. ಒಂಬತ್ತಕ್ಕೆ ಬೆಲೆಯಿಲ್ಲ. ಹತ್ತಕ್ಕಿಂತ ಕಡಿಮೆಯಾದರೆ ಲೆಕ್ಕ ನಿಲ್ಲುವುದಿಲ್ಲವೆಂದು ಸಂಶೋಧನೆ ಶುರುವಾಗುವ ಮೊದಲೇ ಬರೆದುಕೊಟ್ಟಾಗಿದೆ. ಡಬ್ಬಿ ಕೊಡಲು ಮೂರು ದಿನದ ಅವಕಾಶ: ಶನಿವಾರ, ಭಾನುವಾರ, ಸೋಮವಾರ. ಇವತ್ತು ಸೋಮವಾರ. ಉಳಿದಿರುವುದು ಒಂದೇ ಮನೆ, ಸೈಮಿ ಪೂಸ್ತಿನೆನ್ ಅವರದು. ವಯಸ್ಸು ಎಂಬತ್ತೊಂದು. ಶನಿವಾರವೂ ಡಬ್ಬಿ ಖಾಲಿ, ಭಾನುವಾರವೂ ಖಾಲಿ.

"ಆ ಮುದುಕಿ ಕೊಡಲ್ಲ" ಎನ್ನುತ್ತಾರೆ ವಿಲ್ಯೊ. "ಆಕೆ ಯಾವತ್ತು ಏನನ್ನ ಕೊಟ್ಟಿದ್ದಾಳೆ? ನನ್ನ ದೋಣಿಯ ಹುಟ್ಟು ತಗೊಂಡು ಹೋಗಿ ಹನ್ನೊಂದು ವರ್ಷ ಆಯ್ತು."

ಸೈಮಿಯವರ ಮನೆ ಸರೋವರದ ಅಂಚಿನಲ್ಲಿದೆ. ನಡುಬೇಸಿಗೆಯ ಹಬ್ಬಕ್ಕೆ ಬಾಗಿಲ ಎರಡೂ ಕಡೆ ನಿಲ್ಲಿಸಿದ ಬರ್ಚ್ ಕೊಂಬೆಗಳು ಮೂರೇ ದಿನಕ್ಕೆ ಬಾಡಿವೆ. ಅಡುಗೆಮನೆಯಲ್ಲಿ ಕಾಫಿ ಕುದಿಯುತ್ತಿದೆ. ಕಿಟಕಿಯ ಕಟ್ಟೆಯ ಮೇಲೆ ಡಬ್ಬಿ ತೊಳೆದಿಟ್ಟ ಹಾಗೆಯೇ ಹೊಳೆಯುತ್ತಿದೆ.

"ಏನು ಸಮಾಚಾರ?" ಕೈಸು ಕೇಳುತ್ತಾರೆ.

"ಬಂದ್ರೂ ಬರಬಹುದು" ಎನ್ನುತ್ತಾರೆ ಸೈಮಿ. "ಬರದೇನೂ ಇರಬಹುದು."

ಸಾವೊ ಎಂಬ ಈ ಸೀಮೆಯವರಿಂದ ಇದಕ್ಕಿಂತ ಸ್ಪಷ್ಟ ಉತ್ತರ ನಿರೀಕ್ಷಿಸುವವರು ಹೊರಗಿನವರು. ಕೈಸು ಇಲ್ಲಿಯವರೇ. ಬೂಟು ಕಳಚಿ, ಕುರ್ಚಿ ಎಳೆದುಕೊಂಡು, ಲೋಟ ಮುಂದಿಡುತ್ತಾರೆ.

ಸೈಮಿಯವರ ಹೊಟ್ಟೆ ಮುಷ್ಕರ ಹೂಡಿರುವುದಕ್ಕೆ ಕಾರಣ ಬ್ರೆಡ್ಡು. ಹೌಕಿವಾರದ ಹತ್ತು ಮಂದಿ ಸಂಶೋಧನೆಗೆಂದು ಆರು ವಾರದಿಂದ ಬಿಳಿ ಬ್ರೆಡ್ಡು ತಿನ್ನುತ್ತಿದ್ದಾರೆ. ಹುಟ್ಟಿದಾಗಿನಿಂದ ರೈ ಧಾನ್ಯದ ಕರಿ ಬ್ರೆಡ್ಡು, ಹುಳಿ ಹಿಟ್ಟಿನ, ಹಲ್ಲಿಗೆ ಕೆಲಸ ಕೊಡುವ ಬ್ರೆಡ್ಡು ತಿಂದವರು ಇವರು. ಮುದ್ದೆ ಉಣ್ಣುವವರಿಗೆ ಒಂದೂವರೆ ತಿಂಗಳು ಮೈದಾ ಹಾಕಿದರೆ ಏನಾಗುತ್ತದೋ ಇವರಿಗೂ ಅದೇ ಆಗಿದೆ. ಹತ್ತರಲ್ಲಿ ಏಳು ಜನರ ಡಬ್ಬಿ ಸಲೀಸಾಗಿ ಬಂದಿಲ್ಲ. ಕೈಸು ಅದನ್ನೂ ಬರೆದಿಟ್ಟಿದ್ದಾರೆ.

"ಒಂದು ತುಂಡು ಕರಿ ಬ್ರೆಡ್ಡು ಕೊಡು ಹುಡುಗಿ" ಎಂದು ಸೈಮಿ ಚೌಕಾಸಿ ಶುರು ಮಾಡುತ್ತಾರೆ. "ಅಂಗೈಯಷ್ಟು. ಮಧ್ಯಾಹ್ನದೊಳಗೆ ಒಂದಲ್ಲ, ಮೂರು ಡಬ್ಬಿ ತುಂಬಿಸಿ ಕೊಡ್ತೀನಿ. ಯಾರಿಗೆ ಗೊತ್ತಾಗುತ್ತೆ?"

"ರಕ್ತಕ್ಕೆ ಗೊತ್ತಾಗುತ್ತೆ. ಇವತ್ತು ರಕ್ತಾನೂ ತಗೋಬೇಕು."

"ರಕ್ತ ಏನು ಚಾಡಿ ಹೇಳುತ್ತಾ?"

"ನಿನಗಿಂತ ನೇರವಾಗಿ ಹೇಳುತ್ತೆ."

ಏಳು ಗಂಟೆಯ ತನಕ ಕಾದು ಕೈಸು ಏಳುತ್ತಾರೆ. ವಿಲ್ಯೊ ಅವರ ಡಬ್ಬಿಯ ಗಡಿಯಾರ ಓಡುತ್ತಿದೆ. ಮತ್ತೆ ಮಧ್ಯಾಹ್ನ ಬರುವುದಾಗಿ ಹೇಳಿ ಹೊರಡುತ್ತಾರೆ. ಬಾಗಿಲಲ್ಲಿ ತಿರುಗಿ, "ನಡೆದಾಡು. ಕೂತಲ್ಲೇ ಕೂತಿರಬೇಡ" ಎನ್ನುತ್ತಾರೆ.

"ಮೊದಲು ಬ್ರೆಡ್ಡು ಕಿತ್ಕೊಂಡ್ಳು. ಈಗ ಕುರ್ಚಿ" ಎಂಬ ಉತ್ತರ ಒಳಗಿನಿಂದ ಬರುತ್ತದೆ.

ಪ್ರಯೋಗಾಲಯದ ಮೂರನೆಯ ಮಹಡಿಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ ಕೈಸು ಕೆಲಸ ಮಾಡುತ್ತಾರೆ. ಮಂಚದಷ್ಟು ದೊಡ್ಡ ಗಾಜಿನ ಪೆಟ್ಟಿಗೆ, ಒಳಗೆ ಒಂದಿಷ್ಟೂ ಆಮ್ಲಜನಕವಿಲ್ಲ. ಮುಂಭಾಗದಲ್ಲಿ ಎರಡು ತೂತು, ತೂತಿಗೆ ಮೊಣಕೈ ದಾಟುವ ದಪ್ಪ ರಬ್ಬರ್ ಕೈಗವಸು. ಎಂಟು ಗಂಟೆ ಐದು ನಿಮಿಷಕ್ಕೆ ವಿಲ್ಯೊ ಅವರ ಡಬ್ಬಿ ಪಕ್ಕದ ಕಿರುಬಾಗಿಲಿನಿಂದ ಒಳಗೆ ಹೋಗುತ್ತದೆ. ಕೈಸು ಭುಜದವರೆಗೆ ಕೈ ತೂರಿಸಿ ಮುಚ್ಚಳ ತೆಗೆಯುತ್ತಾರೆ. ಇಪ್ಪತ್ತು ಗ್ರಾಂ ತೂಗಿ, ಉಪ್ಪುನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಸೀಸೆಗಳಿಗೆ ಹಂಚುತ್ತಾರೆ. ಪ್ರತಿ ಸೀಸೆಗೂ ಒಂದು ಚಮಚ ರೈ ತೌಡು. ಆಮೇಲೆ ಮೈಯ ಬಿಸಿಯಷ್ಟೇ ಬಿಸಿಯಲ್ಲಿ ಇಪ್ಪತ್ತನಾಲ್ಕು ಗಂಟೆ. ಶುರುವಿನಲ್ಲೊಮ್ಮೆ, ನಾಲ್ಕನೆಯ ಗಂಟೆಗೊಮ್ಮೆ, ಎಂಟನೆಯದಕ್ಕೊಮ್ಮೆ, ಇಪ್ಪತ್ತನಾಲ್ಕನೆಯದಕ್ಕೊಮ್ಮೆ ಒಂದೊಂದು ಹನಿ ತೆಗೆದು ನೋಡಬೇಕು, ಕೈಸು ಹೊರಗಿದ್ದಾಗ ಪಾಳಿಯವರು.

ನೋಡುವುದು ಏನನ್ನು? ರೈ ಧಾನ್ಯದ ತೌಡಿನಲ್ಲಿ, ನಾರಿನ ಜೊತೆ ಬಿಗಿದುಕೊಂಡು, ಲಿಗ್ನಾನ್ ಎಂಬ ವಸ್ತುಗಳಿವೆ. ನಮ್ಮ ಜಠರಕ್ಕೆ, ಸಣ್ಣ ಕರುಳಿಗೆ ಅವು ಅಷ್ಟಾಗಿ ದಕ್ಕುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅವನ್ನು ಹಿಡಿದು ಬಿಚ್ಚಿ, ಕತ್ತರಿಸಿ, ಬೇರೆಯದೇ ಒಂದು ವಸ್ತು ಮಾಡುತ್ತವೆ. ಹೆಸರು ಎಂಟರೋಲ್ಯಾಕ್ಟೋನ್. ಅದು ಕರುಳಿನ ಗೋಡೆ ದಾಟಿ ರಕ್ತಕ್ಕೆ ಹೋಗುತ್ತದೆ. ಬ್ರೆಡ್ಡಿನಲ್ಲಿ ಅದು ಇರಲೇ ಇಲ್ಲ. ತಿಂದವರೂ ಅದನ್ನು ಮಾಡಿದ್ದಲ್ಲ.

ಕೈಸು ಇದನ್ನು ವಿಲ್ಯೊ ಅವರಿಗೆ ವಿವರಿಸಿದ ರೀತಿ ಬೇರೆ. "ದಿಮ್ಮಿ ಲಾರಿ ಥರಾನೇ ಕಣೋ. ಒಬ್ಬ ಕೊಂಬೆ ಸವರ್ತಾನೆ, ಇನ್ನೊಬ್ಬ ತೊಗಟೆ ಸುಲೀತಾನೆ, ಮೂರನೆಯವನು ಅಳತೆಗೆ ಕತ್ತರಿಸ್ತಾನೆ, ನಾಲ್ಕನೆಯವನು ಲಾರಿಗೆ ಏರಿಸ್ತಾನೆ. ಒಬ್ಬ ರಜಾ ಹಾಕಿದ್ರೂ ಮರ ಕಾಡಲ್ಲೇ ಬಿದ್ದಿರುತ್ತೆ. ನಿನ್ನ ಹೊಟ್ಟೇಲಿ ನಾಲ್ಕೂ ಜನ ಇದ್ದಾರೆ. ಕೆಲವರ ಹೊಟ್ಟೇಲಿ ಇಬ್ಬರೇ."

"ಸಂಬಳ ಯಾರು ಕೊಡ್ತಾರೆ?" ಎಂದು ವಿಲ್ಯೊ ಕೇಳಿದ್ದರಂತೆ.

"ನೀನೇ. ತೌಡು ಕೊಡ್ತೀಯಲ್ಲ."

ಈ ವಸ್ತುವಿನಿಂದ ಹೃದಯಕ್ಕೆ ಒಳ್ಳೆಯದು ಎಂದು ಕೆಲವರು, ಇನ್ನೂ ಖಚಿತವಿಲ್ಲ ಎಂದು ಕೆಲವರು. ಕೈಸು ಯಾವ ಕಡೆಗೂ ಪ್ರಮಾಣ ಮಾಡುವುದಿಲ್ಲ. ಸದ್ಯದ ಪ್ರಶ್ನೆ ಸಣ್ಣದು. ಆರು ವಾರ ರೈ ಸಿಗದೆ ಹೋದರೆ ಈ ಕೆಲಸಗಾರರು ಕೆಲಸ ಮರೆಯುತ್ತಾರೆಯೇ? ಕರಿ ಬ್ರೆಡ್ಡು ತಿಂದ ಬೇರೊಂದು ಗುಂಪಿನ ಹತ್ತು ಡಬ್ಬಿಗಳು ಏಪ್ರಿಲ್‌ನಲ್ಲೇ ಬಂದಿವೆ. ಹೋಲಿಸಿ ನೋಡಲು ಬಿಳಿ ಬ್ರೆಡ್ಡಿನ ಹತ್ತು ಬೇಕು.

ಕೈಸು ಹುಟ್ಟಿದ್ದು ಇಲ್ಲಿಂದ ಮೂವತ್ತು ಕಿಲೋಮೀಟರ್ ದೂರದ ಹಳ್ಳಿಯಲ್ಲಿ. ಎಂಟು ಹಸು, ಐದು ಮಕ್ಕಳ ಮನೆ. ಶಾಲೆ ಮುಗಿಸಿ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದರು. ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದು ಮೂವತ್ತೊಂದು ವರ್ಷ. "ಹಸುವಿನ ಕೆಚ್ಚಲಿನಿಂದ ಇನ್ನೊಂದು ಗೇಣು ಹಿಂದಕ್ಕೆ ಬಡ್ತಿ ಸಿಕ್ತು" ಎಂದು ನಗುತ್ತಾರೆ. ಈ ಮೂವತ್ತೊಂದು ವರ್ಷದಲ್ಲಿ ಅವರ ಕೈ ದಾಟಿದ ಡಬ್ಬಿಗಳು ಹನ್ನೊಂದು ಸಾವಿರ ಚಿಲ್ಲರೆ. ಪುಸ್ತಕ ತೆಗೆದು ಲೆಕ್ಕ ತೋರಿಸುತ್ತಾರೆ. ಅವುಗಳ ಮೇಲೆ ನಿಂತ ಲೇಖನಗಳು ಎಪ್ಪತ್ತಕ್ಕೂ ಹೆಚ್ಚು. ಯಾವುದರಲ್ಲೂ ಲೇಖಕರ ಸಾಲಿನಲ್ಲಿ ಇವರ ಹೆಸರಿಲ್ಲ. ಆರರಲ್ಲಿ ಕೊನೆಗೆ, ಸಣ್ಣ ಅಕ್ಷರದಲ್ಲಿ, ಕೃತಜ್ಞತೆ ಇದೆ. ಒಂದರಲ್ಲಿ ಹೆಸರು ತಪ್ಪಾಗಿದೆ.

ಕಷ್ಟಗಳ ಬಗ್ಗೆ ಕೇಳಿದರೆ ಮೊದಲು ಹೇಳುವುದು ಹೆಬ್ಬೆರಳಿನ ಬಗ್ಗೆ. ದಪ್ಪ ಕೈಗವಸಿನೊಳಗೆ ದಿನಕ್ಕೆ ನಾಲ್ಕೈದು ಗಂಟೆ ಸಣ್ಣ ಮುಚ್ಚಳ ತಿರುಗಿಸಿ ತಿರುಗಿಸಿ ಎರಡೂ ಹೆಬ್ಬೆರಳ ಕೀಲು ಸವೆದಿದೆ. ಚಳಿಗಾಲದಲ್ಲಿ ಮೈನಸ್ ಇಪ್ಪತ್ತೆಂಟರಲ್ಲಿ ಡಬ್ಬಿ ಹೆಪ್ಪುಗಟ್ಟದಂತೆ ಕೋಟಿನೊಳಗೆ ಎದೆಗೆ ಅವಚಿ ತಂದದ್ದುಂಟು. ಒಮ್ಮೆ ಪೊಲೀಸರು ವ್ಯಾನ್ ತಡೆದು, ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದರು. ಕೈಸು ಇದ್ದದ್ದನ್ನು ಇದ್ದಂತೆ ಹೇಳಿದರು. ತಮಾಷೆ ಮಾಡುತ್ತಿದ್ದಾಳೆಂದು ಅವರು ಮುಚ್ಚಳ ತೆಗೆಸಿದರು. "ಆಮೇಲೆ ಎರಡು ವರ್ಷ ಆ ರಸ್ತೇಲಿ ನನ್ನ ಯಾರೂ ನಿಲ್ಲಿಸಲಿಲ್ಲ. ಎಷ್ಟು ಜೋರಾಗಿ ಹೋದ್ರೂ."

ಸಂಬಂಧಿಕರ ಮನೆಯ ಸಮಾರಂಭಕ್ಕೆ ಇವರು ಬನ್ನು ಬೇಯಿಸಿ ಒಯ್ದರೆ ಅದು ಕೊನೆಯಲ್ಲಿ ಖಾಲಿಯಾಗುತ್ತದೆ. ಇದನ್ನು ಹೇಳುವಾಗ ಕೈಸು ನಗುವುದಿಲ್ಲ.

ಈ ಬೇಸಿಗೆಯ ಆರು ವಾರ ಬರಬೇಕಾಗಿದ್ದೇ ಅಲ್ಲ. ಬಂದದ್ದು ಕೈಸು ಮಾಡಿದ ಒಂದು ತಪ್ಪಿನಿಂದ. ಅದನ್ನು ಅವರು ಯಾರೂ ಕೇಳದೆ ತಾವೇ ಹೇಳುತ್ತಾರೆ.

ಮೊದಲ ಸಲ ಹೌಕಿವಾರದವರು ಬಿಳಿ ಬ್ರೆಡ್ಡಿಗೆ ಕೂತದ್ದು ಫೆಬ್ರವರಿ ಕೊನೆಯಲ್ಲಿ. ಏನು ತಿನ್ನಬಾರದು ಎಂಬ ಪಟ್ಟಿ ತಯಾರಿಸುವ ಕೆಲಸ ಕೈಸು ಅವರದು. ಸಂಶೋಧನೆಯ ಮುಖ್ಯಸ್ಥೆ ಡಾ. ಇನೇಸ್ ತವಾರೆಸ್ ಪೋರ್ಚುಗಲ್‌ನವರು, ಬಂದು ವರ್ಷವೂ ಆಗಿರಲಿಲ್ಲ. ಇಲ್ಲಿಯವರ ತಟ್ಟೆ ಇಲ್ಲಿಯವರಿಗೇ ಗೊತ್ತು ಎಂದು ಅದನ್ನು ಕೈಸುಗೆ ಬಿಟ್ಟಿದ್ದರು. ಕೈಸು ಒಂಬತ್ತು ಹೆಸರು ಬರೆದರು. ರೈ ಬ್ರೆಡ್ಡು, ಒಣ ಹಪ್ಪಳದಂಥ ಬ್ರೆಡ್ಡು, ರೈ ಗಂಜಿ, ಕರೇಲಿಯಾದ ಕಡುಬು, ಮೀನನ್ನು ಹಿಟ್ಟಿನೊಳಗೆ ಮುಚ್ಚಿ ಸುಡುವ ಕಲಕುಕ್ಕೊ, ಮನೆಯಲ್ಲಿ ಹುದುಗಿಸುವ ಪಾನೀಯ, ಹೀಗೆ. ಮೂರು ಸಲ ಓದಿ ನೋಡಿದರು. ಸರಿಯಾಗಿತ್ತು.

ನಡುವೆ ಈಸ್ಟರ್ ಬಂತು. ಈಸ್ಟರ್ ಎಂದರೆ ಮ್ಯಾಮ್ಮಿ. ರೈ ಮೊಳಕೆ ಹಿಟ್ಟನ್ನು ಗಂಟೆಗಟ್ಟಲೆ ಕಾಸಿ, ಒಲೆಯೊಳಗೆ ಬೇಯಿಸಿ, ತಣ್ಣಗಾದ ಮೇಲೆ ಕೆನೆ ಸುರಿದು ತಿನ್ನುವ ಕಪ್ಪು ಸಿಹಿ. ಹತ್ತೂ ಮನೆಗಳಲ್ಲಿ ಹತ್ತೂ ಜನ ತಿಂದರು. ಒಬ್ಬರಿಗೂ ಅದು ರೈ ಎಂದು ಹೊಳೆಯಲಿಲ್ಲ. ಅದು ಧಾನ್ಯವಲ್ಲ, ಹಬ್ಬ. ಕೈಸು ಕೂಡ ತಿಂದರು, ಎರಡು ಬಟ್ಟಲು. ಹಬ್ಬ ಮುಗಿದ ಮಂಗಳವಾರ ಹತ್ತು ಡಬ್ಬಿ, ಹತ್ತು ಸೀಸೆ ರಕ್ತ ತಂದರು.

ರಕ್ತದ ಫಲಿತಾಂಶ ಬಂದ ದಿನ ಇನೇಸ್ ಕಾಗದ ಹಿಡಿದು ಕೋಣೆಗೆ ಬಂದರು. ರೈ ತಿಂದವರ ರಕ್ತದಲ್ಲಿ ಮಾತ್ರ ಕಾಣುವ ಗುರುತು ಹತ್ತೂ ಜನರಲ್ಲಿ ಎದ್ದು ಕಾಣುತ್ತಿತ್ತು.

"ಹತ್ತು ಜನಾನೂ ಮೋಸ ಮಾಡಿದ್ದಾರೆ" ಎಂದರು ಇನೇಸ್.

"ಹೌಕಿವಾರದವರು ಸುತ್ತಿ ಬಳಸಿ ಮಾತಾಡ್ತಾರೆ. ಮೋಸ ಮಾಡಲ್ಲ" ಎಂದರು ಕೈಸು.

"ಹಾಗಾದ್ರೆ ರಕ್ತ ಸುಳ್ಳು ಹೇಳ್ತಿದೆಯಾ?"

ಕೈಸು ಕಾಫಿಗೆಂದು ಊಟದ ಕೋಣೆಗೆ ಹೋಗಿ, ಹಾಲಿಗಾಗಿ ಫ್ರಿಜ್ ತೆಗೆದರು. ಹಾಲಿನ ಹಿಂದೆ, ತಾವೇ ಹಬ್ಬದ ವಾರ ತಂದಿಟ್ಟು ಮರೆತ ಮ್ಯಾಮ್ಮಿಯ ರಟ್ಟಿನ ಪೆಟ್ಟಿಗೆ ಕಂಡಿತು. ಪೆಟ್ಟಿಗೆಯ ಬದಿಯಲ್ಲಿ ಬರೆದಿತ್ತು: ನೀರು, ರೈ ಮೊಳಕೆ ಹಿಟ್ಟು, ರೈ ಹಿಟ್ಟು. "ನಿಂತಲ್ಲೇ ಮತ್ತೆ ಓದಿದೆ" ಎನ್ನುತ್ತಾರೆ ಕೈಸು. "ಐವತ್ತೇಳು ವರ್ಷದಿಂದ ತಿಂತಿದ್ದೀನಿ. ಅವತ್ತೇ ಮೊದಲು ಓದಿದ್ದು."

ಪೆಟ್ಟಿಗೆಯನ್ನು ಹಾಗೆಯೇ ಒಯ್ದು ಇನೇಸ್ ಅವರ ಮೇಜಿನ ಮೇಲೆ ಇಟ್ಟು ಮುಚ್ಚಳ ತೆಗೆದರು. ಇನೇಸ್ ಒಳಗೆ ನೋಡಿ ಕುರ್ಚಿ ಹಿಂದಕ್ಕೆ ಸರಿಸಿದರು.

"ಸ್ಯಾಂಪಲ್‌ನ ಹೀಗೆ ಬಿಚ್ಚಿ ಯಾಕೆ ತಂದೆ? ಗಾಳಿ ತಾಗುತ್ತೆ!"

"ಇದು ಸ್ಯಾಂಪಲ್ ಅಲ್ಲ. ತಿಂಡಿ."

"ಯಾರ ತಿಂಡಿ?"

"ನಮ್ಮೆಲ್ಲರದ್ದು. ಪಟ್ಟಿಗೆ ಸೇರಿಸೋದು ಮರೆತೆ. ತಪ್ಪು ಅವರದ್ದಲ್ಲ, ನನ್ನದು."

ಇನೇಸ್ ಕೂಗಾಡಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು ಎನ್ನುತ್ತಾರೆ ಕೈಸು. ಎರಡು ದಾರಿ ಉಳಿದಿತ್ತು. ಸಂಶೋಧನೆಯ ಬಿಳಿ ಬ್ರೆಡ್ಡಿನ ಅರ್ಧವನ್ನು ಕಸಕ್ಕೆ ಹಾಕಿ ಕೈ ತೊಳೆದುಕೊಳ್ಳುವುದು. ಇಲ್ಲವೇ ಅದೇ ಹತ್ತು ಜನರನ್ನು ಮತ್ತೆ ಆರು ವಾರ ಕೂರಿಸುವುದು, ಅದೂ ನಡುಬೇಸಿಗೆಯ ಹಬ್ಬ ಸೇರಿಸಿಕೊಂಡು. ಅನುಮತಿ ಪತ್ರ ಇನೇಸ್ ಮಾಡಿಸಿದರು. ಕೇಳುವ ಕೆಲಸ ಕೈಸು ತಾವೇ ಹೊತ್ತರು. ಮೇ ತಿಂಗಳ ಮೊದಲ ವಾರ ಹತ್ತೂ ಮನೆಯ ಮೆಟ್ಟಿಲು ಹತ್ತಿದರು. ಪ್ರತಿ ಮನೆಯಲ್ಲೂ ಮೊದಲ ಮಾತು ಒಂದೇ: "ತಪ್ಪು ನನ್ನದು."

ವಿಲ್ಯೊ ಪೂರ್ತಿ ಕೇಳಿಸಿಕೊಂಡು ಅಂದರು: "ಅಂದ್ರೆ, ನೀನು ಓದದೆ ಇದ್ದದ್ದಕ್ಕೆ ನಾನು ತಿನ್ನಬೇಕು."

"ಹೌದು."

"ಹಬ್ಬದ ದಿನ ಹೊಗೆಮೀನು, ಹೊಸ ಆಲೂಗಡ್ಡೆ. ಪಕ್ಕದಲ್ಲಿ ಹತ್ತಿಯಂಥ ಬ್ರೆಡ್ಡು."

"ಹೌದು."

"ಬಿಯರ್?"

"ಬಾರ್ಲಿದು. ಆಗುತ್ತೆ. ಮೂರು ಸಲ ಓದಿದ್ದೀನಿ."

"ನೀನು ಮೂರು ಸಲ ಓದಿದ್ದೀನಿ ಅಂದ್ರೇನೇ ಭಯ ನನಗೆ" ಎಂದು ವಿಲ್ಯೊ ಒಳಗೆ ಹೋದರು. ಒಪ್ಪಿದರೋ ಇಲ್ಲವೋ ಹೇಳಲಿಲ್ಲ.

ಮೊದಲು ಒಪ್ಪಿದ್ದು ಸೈಮಿ. ಒಂದು ಷರತ್ತು ಹಾಕಿದರು. "ನೀನೂ ತಿನ್ನು. ಆರು ವಾರ. ನಮ್ಮ ಜೊತೆಗೆ. ತಿಂತೀಯಾ?" ಕೈಸು ತಿನ್ನುತ್ತೇನೆ ಎಂದರು. ಸೈಮಿ ಆವತ್ತೇ ಉಳಿದ ಒಂಬತ್ತು ಮನೆಗೂ ಫೋನ್ ಮಾಡಿ, "ಅವಳೂ ತಿಂತಾಳಂತೆ. ಅವಳ ಮುಖ ನೋಡೋಕಾದ್ರೂ ಸೇರ್ಕೊಳ್ಳಿ" ಎಂದರಂತೆ. ಸಂಜೆಗೆ ಹತ್ತೂ ಒಪ್ಪಿಗೆ ಬಂತು. ವಿಲ್ಯೊ ಅವರದ್ದು ಕೊನೆಗೆ. ಕಾಗದದ ಮೇಲೆ ಸಹಿ ಹಾಕಿ ಕೆಳಗೆ ಬರೆದಿದ್ದರು: ಬಲವಂತದಿಂದ.

ಆಮೇಲೆ ಆರು ವಾರ ಹನ್ನೊಂದು ಜನ ಬಿಳಿ ಬ್ರೆಡ್ಡು ತಿಂದರು. ಹನ್ನೊಂದನೆಯವರ ಡಬ್ಬಿ ಲೆಕ್ಕಕ್ಕಿಲ್ಲ. "ನನ್ನ ಹೊಟ್ಟೆ ಕಥೆ ಕೇಳಬೇಡಿ" ಎಂದಷ್ಟೇ ಕೈಸು ಹೇಳುತ್ತಾರೆ.

ಮಧ್ಯಾಹ್ನ ಒಂದು ಗಂಟೆಗೆ ವ್ಯಾನ್ ಮತ್ತೆ ಹೌಕಿವಾರದಲ್ಲಿ ನಿಲ್ಲುತ್ತದೆ. ಸೈಮಿಯವರ ಅಂಗಳದ ಬೆಂಚಿನ ಮೇಲೆ ವಿಲ್ಯೊ ಕಾಫಿ ಲೋಟ ಹಿಡಿದು ಕೂತಿದ್ದಾರೆ.

"ಬಂತಾ?" ಕೈಸು ಕೇಳುತ್ತಾರೆ.

"ನನ್ನ ಹುಟ್ಟು ಬಂತು" ಎನ್ನುತ್ತಾರೆ ವಿಲ್ಯೊ. ತೋರಿಸಿದ ಕಡೆ ನೋಡಿದರೆ, ಸರೋವರದ ನಡುವೆ ಸೈಮಿ ಹಳೆಯ ದೋಣಿಯಲ್ಲಿ ಹುಟ್ಟು ಹಾಕುತ್ತಿದ್ದಾರೆ. ಕೈಸು ನಡೆದಾಡು ಎಂದಿದ್ದರು. ನಡೆದರೆ ಮೊಣಕಾಲು ನೋಯುತ್ತದೆಂದು ಮುದುಕಿ ದೋಣಿ ಇಳಿಸಿದ್ದಾರೆ. ಬೆಳಿಗ್ಗೆಯಿಂದ ಇದು ಎರಡನೆಯ ಸುತ್ತು.

ಸೈಮಿ ದಡಕ್ಕೆ ಬಂದಾಗ ಬುಟ್ಟಿಯಲ್ಲಿ ಒಂದಿಷ್ಟು ಬೆರಳುದ್ದದ ಮೀನುಗಳಿವೆ. ಡಬ್ಬಿ ಖಾಲಿಯೇ.

"ಏನಾದ್ರೂ ಅನ್ನಿಸ್ತಿದೆಯಾ?"

"ಅನ್ನಿಸಿದ ಹಾಗೂ ಇದೆ. ಅನ್ನಿಸದ ಹಾಗೂ ಇದೆ."

ಕಾಫಿ ಮೂರನೆಯ ಸಲ ಕುದಿಯುತ್ತದೆ. ವಿಲ್ಯೊ ಹಬೆಸ್ನಾನದ ಕೋಣೆ ಸೌನಾದ ಒಲೆಗೆ ಸೌದೆ ತುಂಬಿ ಬೆಂಕಿ ಹಚ್ಚುತ್ತಾರೆ. ಬಿಸಿ ತಾಗಿದರೆ ಎಲ್ಲವೂ ಸಡಿಲವಾಗುತ್ತದೆ ಎಂಬುದು ಅವರ ವಾದ. ಲಾರಿಯ ಹೆಪ್ಪುಗಟ್ಟಿದ ಡೀಸೆಲ್ ಹೀಗೆಯೇ ಕರಗುತ್ತಿತ್ತಂತೆ.

"ನಾನು ಲಾರಿ ಅಲ್ಲ" ಎನ್ನುತ್ತಾರೆ ಸೈಮಿ.

"ಲಾರಿಯಾಗಿದ್ರೆ ಇಷ್ಟು ಹೊತ್ತಿಗೆ ಶುರುವಾಗಿರ್ತಿತ್ತು."

"ಒಣದ್ರಾಕ್ಷಿ ತಿನ್ನಬಹುದಾ ಹುಡುಗಿ? ನಾಲ್ಕೇ ನಾಲ್ಕು?"

ಕೈಸು ಪಟ್ಟಿ ತೆಗೆಯುತ್ತಾರೆ. ಹೊಸ ಪಟ್ಟಿಯಲ್ಲಿ ಈಗ ನಲವತ್ತಮೂರು ಹೆಸರುಗಳಿವೆ. ಒಣದ್ರಾಕ್ಷಿ ಇಪ್ಪತ್ತೆಂಟನೆಯದು, ಅದರಲ್ಲೂ ಒಂದಿಷ್ಟು ಲಿಗ್ನಾನ್ ಇದೆ. ತಲೆ ಅಲ್ಲಾಡಿಸುತ್ತಾರೆ.

ಮೂರು ಗಂಟೆಯ ಸುಮಾರಿಗೆ ಸೈಮಿ ಸೌನಾದಿಂದ ಕೆಂಪಗಾಗಿ ಹೊರಬಂದು ಬೆಂಚಿನ ಮೇಲೆ ಕೂರುತ್ತಾರೆ. ಈಗ ತಮಾಷೆ ಮಾಡುವುದಿಲ್ಲ.

"ಕೈಸು, ನಾನು ಕೊಡದಿದ್ರೆ ಆ ಒಂಬತ್ತೂ ದಂಡವಾ?"

"ದಂಡ."

"ವಿಲ್ಯೊದೂ?"

"ಅವನದೂ."

"ನಿನ್ನ ಆರು ವಾರಾನೂ?"

"ನಂದು ಬಿಡು. ನಂದು ಶಿಕ್ಷೆ."

"ಅಡುಗೆಮನೆ ಪೆಟ್ಟಿಗೇಲಿ ರೈ ಬ್ರೆಡ್ಡಿದೆ. ಆರು ವಾರದಿಂದ ಬಟ್ಟೆ ಸುತ್ತಿ ಇಟ್ಟಿದ್ದೀನಿ, ಮುಗಿದ ದಿನ ತಿನ್ನೋಕೆ. ಕಲ್ಲಾಗಿದೆ" ಎಂದು ಸೈಮಿ ತಗ್ಗಿದ ದನಿಯಲ್ಲಿ ಹೇಳುತ್ತಾರೆ. "ಮೊದಲು ರಕ್ತ ತಗೊ. ರಕ್ತ ಆದ ಮೇಲೆ ಒಂದು ತುಂಡು ತಿಂತೀನಿ. ರಕ್ತಕ್ಕೆ ಗೊತ್ತಾಗಲ್ಲ. ಕಾಗದದ ಮೇಲೆ ಎಲ್ಲ ಸರಿ ಇರುತ್ತೆ."

ವಿಲ್ಯೊ ಕೈಸು ಮುಖ ನೋಡುತ್ತಾರೆ. ಯೋಚಿಸಿದರೆ ದಾರಿ ಸರಿಯಾಗಿಯೇ ಇದೆ. ರೂಢಿಯ ಬ್ರೆಡ್ಡು ಹೊಟ್ಟೆಗೆ ಬಿದ್ದರೆ ಸಾಕು, ಕರುಳು ಎಚ್ಚರವಾಗುತ್ತದೆ. ಒಂದು ತುಂಡು ದೊಡ್ಡ ಕರುಳು ತಲುಪಲು ಗಂಟೆಗಟ್ಟಲೆ ಬೇಕು. ಅದು ಡಬ್ಬಿಗೆ ಬರುವ ಸಂಭವವೂ ಕಡಿಮೆ. ಯಾರಿಗೂ ಎಂದೆಂದಿಗೂ ಗೊತ್ತಾಗುವುದಿಲ್ಲ. ಇನೇಸ್ ಕಾಗದ ನೋಡುವವರು, ಕಾಗದ ಸರಿಯಾಗಿರುತ್ತದೆ.

"ಬೇಡ" ಎನ್ನುತ್ತಾರೆ ಕೈಸು.

"ಯಾಕೆ?"

"ಏಪ್ರಿಲ್‌ನಲ್ಲಿ ಗೊತ್ತಿಲ್ಲದೆ ಆಯ್ತು. ನಿಮ್ಮ ಮೇಲೆ ಕಳ್ಳರು ಅಂತ ಮಾತು ಬಂದಾಗ ನಾನು ಅಡ್ಡ ನಿಂತೆ. ಈಗ ಗೊತ್ತಿದ್ದು ತಿಂದ್ರೆ, ಆ ಮಾತಿಗೆ ನಾನು ಏನು ಹೇಳಲಿ?"

ಸೈಮಿ ಎದ್ದು, ಒಂದು ಚಂಬು ನೀರು ಗಟಗಟ ಕುಡಿದು, ಮತ್ತೆ ದೋಣಿಯ ಕಡೆ ಹೊರಡುತ್ತಾರೆ. ವಿಲ್ಯೊ ಓಡಿಹೋಗಿ ಎದುರು ಹಲಗೆಯ ಮೇಲೆ ಕೂರುತ್ತಾರೆ. ಮುದುಕಿ ಹುಟ್ಟು ಹಾಕುತ್ತಾರೆ, ಈತ ದಾರಿ ಹೇಳುತ್ತಾರೆ. ಜಗಳ ದಡದವರೆಗೂ ಕೇಳುತ್ತದೆ. ಕೈಸು ಮೆಟ್ಟಿಲ ಮೇಲೆ ಕೂತು ಮೀನು ಸೀಳುತ್ತಾರೆ. ಸುಮ್ಮನೆ ಕೂರುವುದು ಅವರಿಗೆ ಬರುವುದಿಲ್ಲ.

ನಾಲ್ಕು ಗಂಟೆ ಕಳೆದು ಹತ್ತು ನಿಮಿಷವಾಗಿದೆ. ದೋಣಿ ಅವಸರದಲ್ಲಿ ತಿರುಗುತ್ತದೆ. ಈಗ ಹುಟ್ಟು ವಿಲ್ಯೊ ಕೈಯಲ್ಲಿದೆ, ಲಾರಿ ಓಡಿಸಿದವನ ರಭಸದಲ್ಲಿ ಹಾಕುತ್ತಿದ್ದಾರೆ. ದಡ ಮುಟ್ಟುವ ಮೊದಲೇ ಸೈಮಿ ನೀರಿಗಿಳಿದು, ಲಂಗ ಎತ್ತಿ ಹಿಡಿದು, ಅಂಗಳ ದಾಟುತ್ತಾರೆ.

"ಡಬ್ಬಿ! ಡಬ್ಬಿ!"

ಕೈಸು ಮೀನಿನ ಚಾಕು ಎಸೆದು, ಒಳಗೋಡಿ, ಡಬ್ಬಿ ತಂದು, ಹಿತ್ತಲಿನ ಮರದ ಕಕ್ಕಸಿನ ಬಾಗಿಲಿನ ಸಂದಿಯಿಂದ ತೂರಿಸುತ್ತಾರೆ. ಬಾಗಿಲು ಮುಚ್ಚುತ್ತದೆ. ಹೊರಗೆ ಇಬ್ಬರು ನಿಂತಿದ್ದಾರೆ. ವಿಲ್ಯೊ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಾರೆ.

"ಟೋಪಿ ಯಾಕೆ ತೆಗೆದೆ?" ಕೈಸು ಪಿಸುಗುಟ್ಟುತ್ತಾರೆ.

"ಗೊತ್ತಿಲ್ಲ. ತೆಗೀಬೇಕು ಅನ್ನಿಸ್ತು."

"ಅಲ್ಲಿ ನಿಂತು ಮಾತಾಡಬೇಡಿ!" ಒಳಗಿನಿಂದ ಗದರಿಕೆ.

ನಾಲ್ಕು ಇಪ್ಪತ್ತಾರಕ್ಕೆ ಬಾಗಿಲು ತೆರೆಯುತ್ತದೆ. ಸೈಮಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಬರುತ್ತಾರೆ. ಮುಖದಲ್ಲಿ ನಗುವಿಲ್ಲ. "ಟೈಮ್ ಬರ್ಕೊ" ಎನ್ನುತ್ತಾರೆ. ಕೈಸು ಬರೆದುಕೊಳ್ಳುತ್ತಾರೆ. ರಕ್ತ ತೆಗೆಯುತ್ತಾರೆ. ಸೀಸೆ ಪೆಟ್ಟಿಗೆ ಸೇರಿದ ಮೇಲೆಯೇ ಸೈಮಿ ಬ್ರೆಡ್ಡಿಗೆ ಸುತ್ತಿದ ಬಟ್ಟೆ ಬಿಚ್ಚಿ, ಕಲ್ಲಾದ ಅದನ್ನು ಕೊಡಲಿಯ ಹಿಂಬದಿಯಿಂದ ಒಡೆದು ಮೂರು ಪಾಲು ಮಾಡುತ್ತಾರೆ. ಕೈಸು ತಮ್ಮ ಪಾಲನ್ನು ಕಾಫಿಯಲ್ಲಿ ಅದ್ದಿ, ನಿಂತೇ ತಿಂದು, ವ್ಯಾನ್ ಹತ್ತುತ್ತಾರೆ.

ಆರು ಗಂಟೆಗೆ ಹತ್ತನೆಯ ಡಬ್ಬಿ ಗಾಜಿನ ಪೆಟ್ಟಿಗೆಯೊಳಗಿದೆ. ಹಗಲ ಪಾಳಿಯವರು ಹೋಗಿದ್ದಾರೆ, ಉಳಿದವರು ಹಬ್ಬದ ರಜೆ ಮುಂದುವರಿಸಿದ್ದಾರೆ, ಕಟ್ಟಡದಲ್ಲಿ ಬೇರೆ ಯಾರೂ ಇಲ್ಲ. ಕೈಸು ಕೈಗವಸಿನೊಳಗೆ ಭುಜದವರೆಗೆ ಕೈ ಹಾಕಿ ಇಪ್ಪತ್ತು ಗ್ರಾಂ ತೂಗುತ್ತಾರೆ. ಒಂದು ಗ್ರಾಮಿನಲ್ಲಿ ಭೂಮಿಯ ಮೇಲಿನ ಮನುಷ್ಯರಿಗಿಂತ ಹೆಚ್ಚು ಜೀವಿಗಳಿವೆ. ಇವತ್ತು ಆರು ವಾರದ ನಂತರ ಅವಕ್ಕೆ ಮೊದಲ ಚಮಚ ತೌಡು. ಕೆಲಸ ನೆನಪಿದೆಯೋ ಮರೆತಿದೆಯೋ, ಶರತ್ಕಾಲದಲ್ಲಿ ಲೆಕ್ಕ ಹೇಳುತ್ತದೆ.

ನಿಮಗೇನನ್ನಿಸುತ್ತದೆ ಎಂದು ಕೇಳಿದರೆ, "ಮರೆತಿರಲ್ಲ ಅನ್ನಿಸುತ್ತೆ. ಆದ್ರೆ ನನಗೆ ಅನ್ನಿಸೋದನ್ನ ಯಾರೂ ಅಳೆದಿಲ್ಲ" ಎನ್ನುತ್ತಾರೆ.

ಲೇಖನ ಅಚ್ಚಾಗುವಾಗ ಈ ಸಲ ಲೇಖಕರ ಸಾಲಿನಲ್ಲಿ ಕೈಸು ಹೆಸರು ಸೇರಿಸುವುದಾಗಿ ಇನೇಸ್ ಹೇಳಿದ್ದಾರೆ. ಕೈಸು ಬೇಡ ಎಂದಿಲ್ಲ, ಬೇಕು ಎಂದೂ ಹೇಳಿಲ್ಲ. ಅವರಿಗೆ ಬೇಕಿರುವುದು ಬೇರೆ.

"ಮೊದಲ ಸಲ ಯಾಕೆ ಕೆಟ್ಟುಹೋಯ್ತು ಅಂತ ಬರೀಲಿ. ಸುಮ್ಮನೆ 'ಕಾರಣಾಂತರದಿಂದ' ಅಂತ ಹಾಕಬಾರದು. ಈಸ್ಟರ್‌ನಲ್ಲಿ ಮ್ಯಾಮ್ಮಿ ತಿಂದ್ರು, ಪಟ್ಟೀಲಿ ಅದು ಇರಲಿಲ್ಲ, ತಿಂದವರು ಮೋಸ ಮಾಡಲಿಲ್ಲ. ಇಷ್ಟೂ ಅಚ್ಚಾಗಲಿ." ಸೀಸೆಯ ಮುಚ್ಚಳವನ್ನು ನೋಯುವ ಹೆಬ್ಬೆರಳಿನಿಂದ ಒತ್ತಿ ಬಿಗಿಯುತ್ತಾರೆ. "ನನ್ನ ಹೆಸರು ಹಾಕಲೇಬೇಕು ಅಂದ್ರೆ, ಆ ತಪ್ಪು ಬರೆದ ಸಾಲಿನ ಪಕ್ಕ ಹಾಕಲಿ."